ಒಂದೇ ತಾರೀಕಿನ ನೆಂಟರು

ಹೋದ ಸಂಚಿಕೆಯಲ್ಲಿ ನನ್ನ ಹಳೇ ಖಾತೆ ಪುಸ್ತಕದ ವಿಷಯ ಬರೆದಿದ್ದೆ. ಓದದವರಿಗೆ ಎರಡು ಮಾತು. 1991ರಿಂದ ಹದಿನೈದು ವರ್ಷ ಶಿವಮೊಗ್ಗದ ಒಂದು ದಿನಪತ್ರಿಕೆಗೆ ‘ಈ ದಿನ’ ಅನ್ನುವ ಪುಟ್ಟ ಬಾಕ್ಸ್ ಬರೆಯುತ್ತಿದ್ದೆ. ಎರಡನೇ ಪುಟದ ಕೆಳಮೂಲೆ, ಎರಡು ಕಾಲಂ ಜಾಗ. ಜಾಹೀರಾತು ಬಂದ ದಿನ ಇತಿಹಾಸಕ್ಕೆ ರಜೆ. ಅದಕ್ಕೆಂದೇ ಗಾಂಧಿ ಬಜಾರಿನಲ್ಲಿ ಒಂದು ಉದ್ದನೆಯ ಖಾತೆ ಪುಸ್ತಕ ತಂದಿದ್ದೆ. ಮಂಡಿ ವ್ಯಾಪಾರಿಗಳು ಇಟ್ಟುಕೊಳ್ಳುತ್ತಾರಲ್ಲ, ಕೆಂಪು ಬಟ್ಟೆಯ ಬೆನ್ನಿನದು, ಅಂಥದ್ದು. ತಾರೀಕಿಗೊಂದು ಪುಟ, ಒಟ್ಟು 366. ಫೆಬ್ರವರಿ 29ರ ಪುಟದಲ್ಲಿ ಮೊರಾರ್ಜಿ ದೇಸಾಯಿ ಹುಟ್ಟಿದ್ದು (1896) ಬಿಟ್ಟರೆ ಜಾಸ್ತಿ ಏನಿಲ್ಲ. ಆಗಸ್ಟ್ 15ರ ಪುಟಕ್ಕೆ ಚೀಟಿ ಅಂಟಿಸಿ ಅಂಟಿಸಿ ಅದು ಹಪ್ಪಳದ ಹಾಗೆ ಉಬ್ಬಿಕೊಂಡಿದೆ.

ಅಷ್ಟು ಬರೆದದ್ದೇ ತಡ, ಕಾಗದಗಳ ಕಟ್ಟೇ ಬಂತು. ಹೆಚ್ಚಿನವರ ಕುತೂಹಲ ಒಂದೇ: ಸಂಬಂಧವೇ ಇಲ್ಲದ ಸಂಗತಿಗಳು ಒಂದೇ ತಾರೀಕಿಗೆ ಯಾಕೆ ಬಂದು ಕೂರುತ್ತವೆ? ಈ ಸಲ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನಾನು ಆಟೊ ಓಡಿಸ್ತೀನಿ ಮೇಡಂ. ನವೆಂಬರ್ 9 ನಮ್ಮ ಸ್ಟ್ಯಾಂಡಿನಲ್ಲಿ ಹಬ್ಬ. ಶಂಕ್ರಣ್ಣ ಹುಟ್ಟಿದ ದಿನ. ಗಾಡಿಗೆ ಹೂವು ಕಟ್ಟಿದ್ದಾಗ ಹತ್ತಿದ ಹುಡುಗನೊಬ್ಬ ‘ಅಣ್ಣಾ, ಇವತ್ತೇ ಬರ್ಲಿನ್ ಗೋಡೆ ಬಿದ್ದಿದ್ದು’ ಅಂದ. ಹೌದಾ? — ಆಟೊ ಚಾಲಕರು, ರಾಜಾಜಿನಗರ, ಬೆಂಗಳೂರು

ಹೌದು ಸಾರ್, ಆ ಹುಡುಗ ಹೇಳಿದ್ದು ಸರಿ. ಆದರೆ ಪೂರ್ತಿ ಹೇಳಲಿಲ್ಲ. ಜರ್ಮನಿಯವರಿಗೆ ನವೆಂಬರ್ 9 ಅಂದರೆ ಎದೆ ಒಂದು ಸಲ ಧಸಕ್ ಅನ್ನುವ ದಿನ. ‘ವಿಧಿಯ ದಿನ’ ಅಂತಲೇ ಅದಕ್ಕೆ ಹೆಸರು.

1918ರ ನವೆಂಬರ್ 9. ಮೊದಲ ಮಹಾಯುದ್ಧದಲ್ಲಿ ಸೋತು ಸುಣ್ಣವಾದ ದೇಶ. ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಸಿಂಹಾಸನ ಬಿಟ್ಟರು ಅಂತ ಪ್ರಕಟಣೆ ಹೊರಟಿತು. ಶೈಡೆಮನ್ ಅನ್ನುವ ನಾಯಕ ಬರ್ಲಿನ್ ಸಂಸತ್ ಭವನದಿಂದ ಕೆಳಗೆ ಸೇರಿದ್ದ ಜನಕ್ಕೆ ‘ಇನ್ನು ಗಣರಾಜ್ಯ’ ಅಂತ ಕೂಗಿ ಹೇಳಿದರು. ಕೆಲವೇ ಗಂಟೆಗಳಲ್ಲಿ ಅದೇ ಊರಿನ ಅರಮನೆಯ ಹತ್ತಿರ ಲೀಬ್‌ಕ್ನೆಕ್ಟ್ ಅನ್ನುವ ಇನ್ನೊಬ್ಬರು ಸಮಾಜವಾದಿ ಗಣರಾಜ್ಯ ಸಾರಿದರು. ಒಂದೇ ದಿನ ಒಂದೇ ದೇಶಕ್ಕೆ ಎರಡು ಗಣರಾಜ್ಯ!

1923ರ ನವೆಂಬರ್ 9. ಮ್ಯೂನಿಕ್ ಊರಿನ ಒಂದು ಬಿಯರ್ ಮಳಿಗೆಯಲ್ಲಿ ಹಿಂದಿನ ರಾತ್ರಿ ಶುರುವಾದ ಹಿಟ್ಲರನ ದಂಗೆ ಅವತ್ತು ಮಧ್ಯಾಹ್ನ ಬೀದಿಗೆ ಬಂತು. ಪೊಲೀಸರು ಗುಂಡು ಹಾರಿಸಿದರು. ನಾತ್ಸಿಗಳ ಕಡೆ 16 ಜನ, ಪೊಲೀಸರಲ್ಲಿ ನಾಲ್ವರು ಸತ್ತರು. ದಂಗೆ ಅಲ್ಲಿಗೇ ಮುಗಿಯಿತು. ಇದು ಸುಮ್ನೆ ಬಂದ ತಾರೀಕಲ್ಲ. 1918ರ ಆ ಗಣರಾಜ್ಯ ಅಂದರೆ ಹಿಟ್ಲರನ ಕಡೆಯವರಿಗೆ ಮೈಯೆಲ್ಲ ಉರಿ. ಅದನ್ನು ತಂದವರನ್ನು ಅವರು ‘ನವೆಂಬರಿನ ಅಪರಾಧಿಗಳು’ ಅಂತ ಬೈಯುತ್ತಿದ್ದರು.

1938ರ ನವೆಂಬರ್ 9ರ ರಾತ್ರಿ. ಈಗ ಹಿಟ್ಲರ್ ಅಧಿಕಾರದಲ್ಲಿದ್ದಾನೆ. 1923ರಲ್ಲಿ ಸತ್ತ ತಮ್ಮವರ ನೆನಪಿಗೆ ನಾತ್ಸಿ ಮುಖಂಡರು ವರ್ಷವೂ ಮ್ಯೂನಿಕ್‌ನಲ್ಲಿ ಸೇರುತ್ತಿದ್ದರು. ಆ ರಾತ್ರಿಯೂ ಊಟಕ್ಕೆ ಸೇರಿದ್ದರು. ಪ್ಯಾರಿಸ್‌ನಲ್ಲಿ ಯೆಹೂದಿ ಹುಡುಗನೊಬ್ಬ ಗುಂಡು ಹಾರಿಸಿದ್ದ ಜರ್ಮನ್ ಅಧಿಕಾರಿ ತೀರಿಕೊಂಡ ಸುದ್ದಿ ಅಲ್ಲಿಗೇ ಬಂತು. ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಎದ್ದು ನಿಂತು ಭಾಷಣ ಮಾಡಿದ. ಅಲ್ಲಿಂದಲೇ ಊರೂರಿಗೆ ಫೋನು ಹೋಯಿತು. ಬೆಳಗಾಗುವುದರೊಳಗೆ ದೇಶದ ತುಂಬ ಯೆಹೂದಿಗಳ ಪ್ರಾರ್ಥನಾ ಮಂದಿರಗಳು ಉರಿದಿದ್ದವು. ಸುಮಾರು 7,500 ಅಂಗಡಿಗಳು ಪುಡಿಯಾಗಿದ್ದವು. ಹತ್ತಿರ ಹತ್ತಿರ 30,000 ಗಂಡಸರನ್ನು ಶಿಬಿರಗಳಿಗೆ ಎಳೆದೊಯ್ದರು. ಬೀದಿಯಲ್ಲಿ ಬಿದ್ದಿದ್ದ ಗಾಜಿನ ಚೂರಿನಿಂದ ಆ ರಾತ್ರಿಗೆ ‘ಸ್ಫಟಿಕದ ರಾತ್ರಿ’ ಅಂತ ಹೆಸರು ಬಂತು. ಎಷ್ಟು ಅಂದದ ಹೆಸರು ನೋಡಿ, ಅಷ್ಟು ಹೊಲಸು ಕೆಲಸಕ್ಕೆ.

ಅಂದರೆ ಮೊದಲ ಮೂರು ನವೆಂಬರ್ 9 ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಬಂದವು. ನಾಲ್ಕನೆಯದು ಮಾತ್ರ ಅಪ್ಪಟ ಎಡವಟ್ಟು.

1989. ಪೂರ್ವ ಜರ್ಮನಿಯ ಆಡಳಿತ ಪಕ್ಷದ ವಕ್ತಾರ ಶಾಬೊವ್‌ಸ್ಕಿ ಸಂಜೆ ಆರಕ್ಕೆ ಪತ್ರಿಕಾಗೋಷ್ಠಿಗೆ ಕೂತರು. ಹೊರದೇಶಕ್ಕೆ ಹೋಗಲು ನಿಯಮ ಸಡಿಲ ಮಾಡಿದ ಒಂದು ಹಾಳೆ ಕೈಯಲ್ಲಿತ್ತು. ಅದನ್ನು ಪ್ರಕಟಿಸಬೇಕಾಗಿದ್ದದ್ದು ಮಾರನೇ ದಿನ ಬೆಳಗಿನ ಜಾವ ನಾಲ್ಕಕ್ಕೆ. ಆ ನಿಯಮ ಚರ್ಚೆಯಾದಾಗ ಈ ಮನುಷ್ಯ ಅಲ್ಲಿರಲಿಲ್ಲ. ಹಾಳೆಯನ್ನೂ ಸರಿಯಾಗಿ ಓದಿರಲಿಲ್ಲ. ಏಳು ಗಂಟೆಯ ಹೊತ್ತಿಗೆ ಒಬ್ಬ ವರದಿಗಾರ ‘ಯಾವಾಗಿನಿಂದ ಜಾರಿ?’ ಅಂದ. ಇವರು ಹಾಳೆ ಮಗುಚಿದರು, ಕನ್ನಡಕದಿಂದ ಇಣುಕಿದರು, ನನಗೆ ಗೊತ್ತಿರೋ ಮಟ್ಟಿಗೆ ಈಗಿನಿಂದಲೇ, ತಡವಿಲ್ಲದೆ ಅಂದುಬಿಟ್ಟರು. ಟಿವಿಯಲ್ಲಿ ನೋಡಿದ ಜನ ಚಪ್ಪಲಿ ಮೆಟ್ಟಿಕೊಂಡು, ಬರ್ಲಿನ್ ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಗೋಡೆಯ ಕಡೆ ಹೊರಟರು. ಗೇಟಿನ ಕಾವಲಿನವರಿಗೆ ಯಾವ ಆದೇಶವೂ ಇಲ್ಲ. ಬೋರ್ನ್‌ಹೋಲ್ಮರ್ ರಸ್ತೆಯ ಗೇಟಿನಲ್ಲಿ ಹರಾಲ್ಡ್ ಯೇಗರ್ ಅನ್ನುವ ಅಧಿಕಾರಿ ಮೇಲಿನವರಿಗೆ ಫೋನು ಮಾಡಿ ಮಾಡಿ ಸಾಕಾಗಿ, ರಾತ್ರಿ ಹನ್ನೊಂದೂವರೆಗೆ ಗೇಟು ತೆಗೆಸಿಬಿಟ್ಟರು.

ಆ ಹಾಳೆಯನ್ನು ನೆಟ್ಟಗೆ ಓದಿದ್ದರೆ ಗೋಡೆ ಬಿದ್ದದ್ದು ನವೆಂಬರ್ 10 ಆಗುತ್ತಿತ್ತು. ಇನ್ನೂ ಒಂದು ಮಜಾ ಹೇಳುತ್ತೇನೆ. ಬರ್ಲಿನ್‌ನಲ್ಲಿ ರಾತ್ರಿ ಹನ್ನೊಂದೂವರೆ ಅಂದರೆ ನಮಗೆ ಬೆಳಗಿನ ಜಾವ ನಾಲ್ಕು. ಆ ಗೇಟು ತೆರೆದಾಗ ಬೆಂಗಳೂರಿನಲ್ಲಿ ತಾರೀಕು 10 ಆಗಿತ್ತು. ನಿಮ್ಮ ಶಂಕ್ರಣ್ಣನ ಹುಟ್ಟುಹಬ್ಬ ಮುಗಿದು ನಾಲ್ಕು ಗಂಟೆ!

ಶಂಕರ್ ನಾಗ್ ಹುಟ್ಟಿದ್ದು 1954ರಲ್ಲಿ, ಹೊನ್ನಾವರದ ಕಡೆ. 1989ರ ಆ ನವೆಂಬರ್ 9 ಅವರ 35ನೇ ಹುಟ್ಟುಹಬ್ಬ. ಅದೇ ಕೊನೆಯದೂ ಆಯಿತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತ. ಮೂರು ದಿನ ಬಿಟ್ಟು, ಅಕ್ಟೋಬರ್ 3ಕ್ಕೆ, ಎರಡು ಜರ್ಮನಿ ಒಂದಾದವು. ರಾಷ್ಟ್ರೀಯ ದಿನ ಯಾವುದು ಅನ್ನುವ ಮಾತು ಬಂದಾಗ ಅಲ್ಲಿನವರು ನವೆಂಬರ್ 9 ಬೇಡ ಅಂದರು. 1938ರ ರಾತ್ರಿ ಇರುವ ತಾರೀಕಿಗೆ ಪಟಾಕಿ ಹೊಡೆಯೋಕೆ ಆಗುತ್ತಾ? ಅಕ್ಟೋಬರ್ 3 ಇಟ್ಟುಕೊಂಡರು. ನನ್ನ ಪ್ರಕಾರ ಸರಿಯಾದ್ದನ್ನೇ ಮಾಡಿದರು.

ನೀವು ಮಾತ್ರ ನಿಶ್ಚಿಂತೆಯಿಂದ ಹೂವು ಕಟ್ಟಿ. ನಿಮ್ಮ ಹಬ್ಬಕ್ಕೂ ಬರ್ಲಿನ್‌ಗೂ ಏನೂ ಸಂಬಂಧವಿಲ್ಲ.

ಪ್ರಶ್ನೆ: ನಮ್ಮ ಮಾಸ್ತಿಯವರು ಹುಟ್ಟಿದ ತಾರೀಕಿಗೇ ತೀರಿಕೊಂಡರಂತೆ. ಇಂಥದ್ದು ದೊಡ್ಡವರಿಗೆ ಮಾತ್ರ ಆಗುತ್ತದೆಯೇ? — ಶಿಕ್ಷಕಿ, ಮಾಲೂರು

ಮಾಸ್ತಿ ವೆಂಕಟೇಶ ಅಯ್ಯಂಗಾರರು ಹುಟ್ಟಿದ್ದು 1891ರ ಜೂನ್ 6, ಹೋದದ್ದು 1986ರ ಜೂನ್ 6. ಸರಿಯಾಗಿ 95 ತುಂಬಿಸಿ ಎದ್ದು ಹೋದರು. ಒಂದು ದಿನ ಹೆಚ್ಚಿಲ್ಲ, ಕಮ್ಮಿ ಇಲ್ಲ. ಲೆಕ್ಕ ಚುಕ್ತಾ ಮಾಡಿ ಹೊರಟ ಹಾಗೆ.

ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದ ಪುಟ ಡಿಸೆಂಬರ್ 29ರದು. ಅದರ ಮೊದಲ ಸಾಲು ಕುವೆಂಪು, 1904. ಅದರ ಕೆಳಗೆ ಸಿ. ಅಶ್ವತ್ಥ್, 1939. ಕುವೆಂಪು ಪದ್ಯಗಳನ್ನು ಮನೆಮನೆಯ ಹಾಡು ಮಾಡಿದ ಗಾಯಕ ಅದೇ ತಾರೀಕಿಗೆ ಹುಟ್ಟಿದ್ದೇ ಒಂದು ಸೊಗಸು. 2009ರ ಡಿಸೆಂಬರ್ 29ರ ಬೆಳಿಗ್ಗೆ ನಾನು ಅಡುಗೆ ಮನೆಯಲ್ಲಿ ಅವರೆಕಾಳು ಹಿತುಕುತ್ತಿದ್ದೆ. ಕುವೆಂಪು ಜಯಂತಿ ಅಂತ ರೇಡಿಯೊದಲ್ಲಿ ಅವರ ಭಾವಗೀತೆಗಳು. ಆಮೇಲೆ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ‘ಅಕ್ಕಾ, ಅಶ್ವತ್ಥ್ ಹೋಗಿಬಿಟ್ರಂತೆ’ ಅಂದಳು. ಎಪ್ಪತ್ತನೇ ಹುಟ್ಟುಹಬ್ಬದ ದಿನ. ಮಾರನೇ ದಿನ ಬೆಳಿಗ್ಗೆ ಎದ್ದರೆ ವಿಷ್ಣುವರ್ಧನ್ ಇಲ್ಲ. ಆ ಎರಡು ದಿನ ನಾಡಿಗೆ ಏನಾಗಿತ್ತು ಅಂತ ನಿಮಗೂ ನೆನಪಿರುತ್ತದೆ. ನಾನು ಪತ್ರಿಕೆ ಬಿಟ್ಟು ಮೂರು ವರ್ಷವಾಗಿತ್ತು. ಆದರೂ ಕೈ ತಾನಾಗಿ ಖಾತೆ ಪುಸ್ತಕದ ಕಡೆ ಹೋಯಿತು.

ಈಗ ನಿಮ್ಮ ಪ್ರಶ್ನೆ. ದೊಡ್ಡವರಿಗೆ ಮಾತ್ರ ಅಲ್ಲ ಟೀಚರ್. ಯಾರೇ ಆದರೂ ಹುಟ್ಟಿದ ತಾರೀಕಿಗೇ ಸಾಯುವ ಸಂಭವ 365ರಲ್ಲಿ ಒಂದು. ನಾಡಿನ ಸಾಹಿತಿ, ಕಲಾವಿದರು, ರಾಜಕಾರಣಿಗಳು ಅಂತ ಸಾವಿರ ಜನರ ಪಟ್ಟಿ ಮಾಡಿದರೆ ಅದರಲ್ಲಿ ಇಬ್ಬರೋ ಮೂವರೋ ಇರಲೇಬೇಕು. ಇಲ್ಲದಿದ್ದರೇ ಆಶ್ಚರ್ಯ. ನಮ್ಮ ಅಜ್ಜಿ, ನಿಮ್ಮ ಅಜ್ಜನ ವಿಷಯದಲ್ಲೂ ಆಗಿರಬಹುದು. ಅವರು ಹುಟ್ಟಿದ ತಾರೀಕು ಬರೆದಿಟ್ಟವರಿಲ್ಲ, ಅಷ್ಟೇ.

ಹಾಗೇ ಹುಟ್ಟುಹಬ್ಬದ ಜೋಡಿಗಳೂ ಬೇಕಾದಷ್ಟಿವೆ. ಡಿ.ವಿ.ಜಿ. ಮತ್ತು ಪುನೀತ್ ರಾಜ್‌ಕುಮಾರ್ ಇಬ್ಬರೂ ಮಾರ್ಚ್ 17. ನಡುವೆ 88 ವರ್ಷ. ಇಬ್ಬರನ್ನೂ ಒಂದೇ ವೇದಿಕೆ ಮೇಲೆ ಕೂರಿಸಿದ್ದರೆ ಏನು ಮಾತಾಡಿಕೊಳ್ಳುತ್ತಿದ್ದರೋ ಅಂತ ಒಮ್ಮೊಮ್ಮೆ ಯೋಚಿಸಿ ನಗುತ್ತೇನೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಗೈಡಿನಲ್ಲಿ ಷೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸರ್ವಾಂಟಿಸ್ ಒಂದೇ ದಿನ, 1616ರ ಏಪ್ರಿಲ್ 23ರಂದು ತೀರಿಕೊಂಡರು ಅಂತಿದೆ. ಇನ್ನೊಂದರಲ್ಲಿ ಅಲ್ಲ ಅಂತಿದೆ. ಯಾವುದು ಸರಿ? — ಅಭ್ಯರ್ಥಿ, ಧಾರವಾಡ

ಈ ಗುಂಡಿಯಲ್ಲಿ ನಾನೇ ಬಿದ್ದು ಎದ್ದವಳು. ಯುನೆಸ್ಕೋ 1995ರಲ್ಲಿ ಏಪ್ರಿಲ್ 23 ವಿಶ್ವ ಪುಸ್ತಕ ದಿನ ಅಂತ ಗೊತ್ತು ಮಾಡಿತು. ಮುಂದಿನ ವರ್ಷದ ಬಾಕ್ಸ್‌ನಲ್ಲಿ ನಾನು ಜಂಬದಿಂದ ‘ಇಂಗ್ಲೆಂಡಿನಲ್ಲಿ ಒಬ್ಬ, ಸ್ಪೇನಿನಲ್ಲಿ ಒಬ್ಬ, ಒಂದೇ ಸೂರ್ಯಾಸ್ತ’ ಅಂತ ಬರೆದೆ. ನಾಲ್ಕನೇ ದಿನ ಸಾಗರದಿಂದ ಒಂದು ಪೋಸ್ಟ್ ಕಾರ್ಡ್ ಬಂತು. ನಿವೃತ್ತ ಪೋಸ್ಟ್ ಮಾಸ್ಟರ್ ಒಬ್ಬರದು. ಇರುವೆ ಸಾಲಿನಂಥ ಅಕ್ಷರ. ‘ಅಮ್ಮಾ, ಸೂರ್ಯಾಸ್ತ ಒಂದೇ ಅಲ್ಲ. ಹತ್ತು ದಿನದ ಅಂತರವಿದೆ. ಕ್ಯಾಲೆಂಡರ್ ಬೇರೆ ಬೇರೆ. ಮುದ್ರೆ ಒತ್ತುವಾಗ ತಾರೀಕು ನೋಡಿ ಒತ್ತಬೇಕು.’ ಆ ಕಾರ್ಡನ್ನು ಏಪ್ರಿಲ್ 23ರ ಪುಟಕ್ಕೇ ಅಂಟಿಸಿಟ್ಟಿದ್ದೇನೆ.

ವಿಷಯ ಇಷ್ಟು. ಯೂರೋಪಿನಲ್ಲಿ ಮೊದಲು ಜೂಲಿಯಸ್ ಸೀಸರನ ಕಾಲದ ಕ್ಯಾಲೆಂಡರ್ ಇತ್ತು. ಅದರ ವರ್ಷ ನಿಜವಾದ ವರ್ಷಕ್ಕಿಂತ 11 ನಿಮಿಷದಷ್ಟು ಉದ್ದ. ಹನಿ ಹನಿಗೂಡಿ ಹಳ್ಳ ಅಂದ ಹಾಗೆ 16ನೇ ಶತಮಾನದ ಹೊತ್ತಿಗೆ ಹತ್ತು ದಿನ ತಪ್ಪಿಹೋಗಿತ್ತು. ಪೋಪ್ ಗ್ರೆಗೊರಿ 1582ರಲ್ಲಿ ಅದನ್ನು ಸರಿ ಮಾಡಿಸಿದರು. ಅಕ್ಟೋಬರ್ 4, ಗುರುವಾರ ಮಲಗಿದವರು ಎದ್ದಾಗ ಅಕ್ಟೋಬರ್ 15, ಶುಕ್ರವಾರ! ಸ್ಪೇನಿನ ಸಂತ ತೆರೇಸಾ ತೀರಿಕೊಂಡದ್ದು ಸರಿಯಾಗಿ ಆ ರಾತ್ರಿ. ಹಾಗಾಗಿ ಆಕೆಯ ಸ್ಮರಣೆಯ ದಿನ ಅಕ್ಟೋಬರ್ 15. ಒಂದು ರಾತ್ರಿ, ಹನ್ನೊಂದು ತಾರೀಕು. ನನ್ನ ಪುಸ್ತಕದಲ್ಲಿ ಇದಕ್ಕಿಂತ ವಿಚಿತ್ರವಾದ ನಮೂದು ಇನ್ನೊಂದಿಲ್ಲ.

ಪೋಪರ ಮಾತನ್ನು ಸ್ಪೇನ್ ಕೇಳಿತು, ಇಂಗ್ಲೆಂಡ್ ಕೇಳಲಿಲ್ಲ. ಇಂಗ್ಲೆಂಡ್ ಬದಲಾದದ್ದು 1752ರಲ್ಲಿ. ಸೆಪ್ಟೆಂಬರ್ 2 ಆದ ಮೇಲೆ ನೇರವಾಗಿ 14. ಹಾಗಾಗಿ ಷೇಕ್ಸ್‌ಪಿಯರ್ ಸತ್ತ ಏಪ್ರಿಲ್ 23 ಸ್ಪೇನಿನ ಗೋಡೆಯ ಮೇಲಿದ್ದಿದ್ದರೆ ಮೇ 3. ಸಾಲದ್ದಕ್ಕೆ ಸರ್ವಾಂಟಿಸ್ ಸತ್ತದ್ದು 22ನೇ ತಾರೀಕು, 23 ಅಂತ ದಾಖಲಾದದ್ದು ಮಣ್ಣು ಮಾಡಿದ ದಿನ. ಅಂದರೆ ಎರಡನೇ ಗೈಡು ಸರಿ.

ಇದೇ ಜಾತಿಯ ಇನ್ನೊಂದು ಮಾತು ನಿಮ್ಮ ಗೈಡಿನಲ್ಲಿ ಇದ್ದೇ ಇರುತ್ತದೆ: ‘ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ.’ ಗೆಲಿಲಿಯೊ ಸತ್ತದ್ದು ಹೊಸ ಕ್ಯಾಲೆಂಡರಿನ 1642ರ ಜನವರಿ 8. ನ್ಯೂಟನ್ ಹುಟ್ಟಿದ್ದು ಹಳೇ ಕ್ಯಾಲೆಂಡರಿನ 1642ರ ಡಿಸೆಂಬರ್ 25. ಹೊಸದಕ್ಕೆ ತಿರುಗಿಸಿದರೆ 1643ರ ಜನವರಿ 4. ಹಾಗಾಗಿ ಅದೂ ಬಿತ್ತು. ಆದರೆ ಸ್ಟೀಫನ್ ಹಾಕಿಂಗ್ ಹುಟ್ಟಿದ್ದು 1942ರ ಜನವರಿ 8, ಗೆಲಿಲಿಯೊ ಸತ್ತು ಸರಿಯಾಗಿ 300 ವರ್ಷಕ್ಕೆ. ಅದು ಗಟ್ಟಿ. 2018ರಲ್ಲಿ ಅವರು ತೀರಿಕೊಂಡದ್ದು ಮಾರ್ಚ್ 14, ಐನ್‌ಸ್ಟೈನ್ ಹುಟ್ಟಿದ ತಾರೀಕು. ಅದೂ ಗಟ್ಟಿ. ಇದರಲ್ಲೇನೋ ಗೂಢ ಇದೆ ಅನ್ನುವವರಿಗೆ ಹಾಕಿಂಗ್ ಅವರೇ ಉತ್ತರ ಕೊಟ್ಟಿದ್ದರು: ಅವತ್ತು ಹುಟ್ಟಿದ ಕೂಸುಗಳು ಎರಡು ಲಕ್ಷದಷ್ಟು ಇದ್ದಿರಬೇಕು ಅಂತ.

ಇನ್ನೊಂದು ಕಿವಿಮಾತು. 1582ಕ್ಕೆ ಹಿಂದಿನ ತಾರೀಕುಗಳೆಲ್ಲ ಹಳೇ ಲೆಕ್ಕದವು. ತಾಳಿಕೋಟೆ ಕದನದ 1565ರ ಜನವರಿ 23ಕ್ಕೂ ಸುಭಾಷ್ ಚಂದ್ರ ಬೋಸರು ಹುಟ್ಟಿದ 1897ರ ಜನವರಿ 23ಕ್ಕೂ ಗಂಟು ಹಾಕುವ ಮೊದಲು ಅದನ್ನು ನೆನಪಿಡಿ.

ಪ್ರಶ್ನೆ: ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26. ಇದು ದೈವಸಂಕಲ್ಪ ಅಲ್ಲದೆ ಮತ್ತೇನು? ನೀವು ಏನಂತೀರಿ? — ರೈತರು, ಬೈಲಹೊಂಗಲ ತಾಲ್ಲೂಕು

ಯಜಮಾನರೇ, ದೈವದ ವಿಷಯ ನನ್ನ ಖಾತೆ ಪುಸ್ತಕದಲ್ಲಿಲ್ಲ. ಆ ತಾರೀಕುಗಳನ್ನು ಆರಿಸಿದವರು ಯಾರು ಅನ್ನುವುದಷ್ಟು ಹೇಳಬಲ್ಲೆ.

ಆಗಸ್ಟ್ 15 ಆರಿಸಿದ್ದು ಮೌಂಟ್‌ಬ್ಯಾಟನ್. ಬ್ರಿಟಿಷ್ ಸರ್ಕಾರ ಮೊದಲು ಕೊಟ್ಟಿದ್ದ ಗಡುವು 1948ರ ಜೂನ್. 1947ರ ಜೂನ್‌ನ ಪತ್ರಿಕಾಗೋಷ್ಠಿಯಲ್ಲಿ ದಿನ ಯಾವುದು ಅಂತ ಕೇಳಿದಾಗ ಅವರು ಆಗಸ್ಟ್ 15 ಅಂದರು. ಎರಡು ವರ್ಷದ ಹಿಂದೆ ಅದೇ ದಿನ ಜಪಾನ್ ಶರಣಾಗಿತ್ತು. ಆಗ್ನೇಯ ಏಷ್ಯಾದಲ್ಲಿ ಮಿತ್ರಪಡೆಗಳ ದಂಡನಾಯಕರಾಗಿದ್ದವರು ಇವರೇ. ಅಂದರೆ ತಮ್ಮ ಗೆಲುವಿನ ದಿನವನ್ನೇ ನಮಗೆ ಕೊಟ್ಟರು. ಕೊರಿಯಾದವರ ಬಿಡುಗಡೆ ದಿನವೂ ಆಗಸ್ಟ್ 15. ಅದೂ ಅದೇ ಶರಣಾಗತಿಯ ಮರಿ. ನಮ್ಮ ಜ್ಯೋತಿಷಿಗಳು ದಿನ ಚೆನ್ನಾಗಿಲ್ಲ ಅಂತ ತಕರಾರು ತೆಗೆದರು. ಸಮಾರಂಭ ನಡುರಾತ್ರಿಗೆ ಹೋಯಿತು.

ಜನವರಿ 26ರ ಮೂಲ ಇನ್ನೂ ಸಾದಾ. 1929ರ ಡಿಸೆಂಬರ್ ಲಾಹೋರ್ ಅಧಿವೇಶನದಲ್ಲಿ ಕಾಂಗ್ರೆಸ್ ಪೂರ್ಣ ಸ್ವರಾಜ್ಯ ಬೇಕು ಅಂತ ತೀರ್ಮಾನಿಸಿತು. ಊರೂರಲ್ಲಿ ಜನ ಸೇರಿ ಪ್ರತಿಜ್ಞೆ ಮಾಡಲು ಜನವರಿ ತಿಂಗಳ ಕೊನೇ ಭಾನುವಾರ ಇಟ್ಟುಕೊಂಡರು. ಅದು 26 ಆಗಿತ್ತು. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26. ಆದರೂ ಹಳೇ ದಿನದ ಗೌರವಕ್ಕೆ ಎರಡು ತಿಂಗಳು ಕಾದು ಜನವರಿ 26ಕ್ಕೆ ಪೂರ್ತಿ ಜಾರಿಗೆ ತಂದರು. ಅಂದರೆ ನಮ್ಮ ಗಣರಾಜ್ಯೋತ್ಸವದ ತಾರೀಕು ಹುಟ್ಟಿದ್ದು ಒಂದು ಭಾನುವಾರದಿಂದ.

ಇವರಲ್ಲಿ ಯಾರೂ ರಾಯಣ್ಣನನ್ನು ನೆನೆದು ದಿನ ಇಟ್ಟವರಲ್ಲ. ಕಂಪನಿ ಸರ್ಕಾರ ಅವನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು 1831ರ ಜನವರಿ 26. ಹುಟ್ಟಿದ ದಿನ 1798ರ ಆಗಸ್ಟ್ 15 ಅನ್ನುವುದು ನಾವು ಆಚರಿಸಿಕೊಂಡು ಬಂದದ್ದು. ಆ ಕಾಲದಲ್ಲಿ ಹಳ್ಳಿಯ ಕೂಸಿನ ತಾರೀಕನ್ನು ಇಂಗ್ಲಿಷ್ ತಿಂಗಳಲ್ಲಿ ಬರೆದಿಡುವ ರೂಢಿ ನಮ್ಮಲ್ಲಿರಲಿಲ್ಲ. ಹಾಗಾಗಿ ನಾನು ಸಾವಿನ ತಾರೀಕನ್ನು ಶಾಯಿಯಲ್ಲಿ, ಹುಟ್ಟಿದ ತಾರೀಕನ್ನು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ನಾನೂ ನಂದಗಡಕ್ಕೆ ಹೋಗಿ ಬಂದಿದ್ದೇನೆ. ಸಮಾಧಿಯ ಆಲದ ಮರಕ್ಕೆ ಹರಕೆ ಹೊತ್ತವರು ಪುಟ್ಟ ಪುಟ್ಟ ಮರದ ತೊಟ್ಟಿಲು ಕಟ್ಟಿದ್ದರು. ಒಂದು ತೊಟ್ಟಿಲೊಳಗೆ ಅಳಿಲು ಮರಿ ಮಲಗಿತ್ತು. ಅಲ್ಲಿ ನಿಂತವರಿಗೆ ತಾರೀಕಿನ ಸಾಕ್ಷಿ ಬೇಕಾಗುವುದಿಲ್ಲ.

ಈ ಪುಟದಲ್ಲಿ ಮಕ್ಕಳಿಗೆ ಹೇಳಬೇಕಾದ್ದು ಇನ್ನೊಂದಿದೆ. 1947ರ ಆಗಸ್ಟ್ 15 ಇಡೀ ಕರ್ನಾಟಕಕ್ಕೆ ಒಂದೇ ಥರ ಬರಲಿಲ್ಲ. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆದು, ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದದ್ದು ಅಕ್ಟೋಬರ್‌ನಲ್ಲಿ. ಕಲಬುರಗಿ, ಬೀದರ್, ರಾಯಚೂರಿನವರು ನಿಜಾಮನ ಕೈಯಿಂದ ಬಿಡಿಸಿಕೊಂಡದ್ದು 1948ರ ಸೆಪ್ಟೆಂಬರ್ 17ಕ್ಕೆ. ಅಲ್ಲಿನ ಹಿರಿಯರನ್ನು ಸ್ವಾತಂತ್ರ್ಯ ಬಂದದ್ದು ಯಾವಾಗ ಅಂತ ಕೇಳಿ ನೋಡಿ.

ಪ್ರಶ್ನೆ: ನವೆಂಬರ್ 1 ನಮ್ಮ ರಾಜ್ಯೋತ್ಸವ. ಕೇರಳದವರದೂ ಅದೇ ದಿನವಂತೆ. ನಮ್ಮನ್ನು ನೋಡಿ ಮಾಡಿದರಾ? — ಹೈಸ್ಕೂಲ್ ವಿದ್ಯಾರ್ಥಿ, ಹೊಸದುರ್ಗ

ಇಲ್ಲಪ್ಪ. ಒಂದೇ ಕಾನೂನು, ಒಂದೇ ದಿನ. ರಾಜ್ಯ ಪುನರ್ವಿಂಗಡಣಾ ಕಾಯ್ದೆ 1956ರ ನವೆಂಬರ್ 1ರಂದು ಜಾರಿಗೆ ಬಂತು. ನಾವು, ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶ ಎಲ್ಲ ಒಂದೇ ಹೆರಿಗೆ. ಆಮೇಲೆ ಆ ತಾರೀಕಿಗೆ ರೂಢಿ ಬಿತ್ತು. ಹರಿಯಾಣ 1966ರಲ್ಲಿ, ಛತ್ತೀಸಗಢ 2000ದಲ್ಲಿ ಅದೇ ದಿನ ಬಂದವು. ‘ಮೈಸೂರು’ ಹೋಗಿ ‘ಕರ್ನಾಟಕ’ ಅನ್ನುವ ಹೆಸರು ಬಂದದ್ದೂ 1973ರ ನವೆಂಬರ್ 1ಕ್ಕೆ, ದೇವರಾಜ ಅರಸರ ಕಾಲದಲ್ಲಿ.

ಪ್ರಶ್ನೆ: ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಜುಲೈ 4ಕ್ಕೆ ಅಲ್ಲಿ ಪಟಾಕಿ. ಅದೇ ದಿನ ಇಲ್ಲಿ ನಾನು ವಿವೇಕಾನಂದರ ಫೋಟೊಗೆ ಹೂವು ಹಾಕುತ್ತೇನೆ. ಅವರು ದೇಹ ಬಿಟ್ಟದ್ದು ಅವತ್ತೇ ಅಲ್ವಾ? — ಗೃಹಿಣಿ, ದಾವಣಗೆರೆ

ಅವತ್ತೇ ತಾಯಿ. 1902ರ ಜುಲೈ 4, ಬೇಲೂರು ಮಠ. ನಮ್ಮ ಹಾಸನದ ಬೇಲೂರಲ್ಲ, ಕಲ್ಕತ್ತೆಯ ಹತ್ತಿರದ್ದು. ಅವರಿಗೆ ಬರೀ 39. ನಾಲ್ಕು ವರ್ಷ ಮೊದಲು ಕಾಶ್ಮೀರದಲ್ಲಿದ್ದಾಗ ಜೊತೆಗಿದ್ದ ಅಮೆರಿಕದವರಿಗಾಗಿ ಅವರು ಜುಲೈ 4ರ ಮೇಲೆ ಒಂದು ಪದ್ಯವನ್ನೂ ಬರೆದಿದ್ದರು.

ಆದರೆ ಆ ತಾರೀಕಿನ ಅಸಲಿ ಬೆರಗು ಅಮೆರಿಕದ್ದೇ. ಸ್ವಾತಂತ್ರ್ಯ ಘೋಷಣೆಯ ಕರಡು ಬರೆದ ಥಾಮಸ್ ಜೆಫರ್‌ಸನ್, ಅದಕ್ಕಾಗಿ ಗಂಟಲು ಹರಿದುಕೊಂಡು ವಾದ ಮಾಡಿದ ಜಾನ್ ಆಡಮ್ಸ್. ಇಬ್ಬರೂ ಅಮೆರಿಕದ ಅಧ್ಯಕ್ಷರಾಗಿದ್ದವರು. ಮೊದಲು ಗೆಳೆಯರು, ಆಮೇಲೆ ಚುನಾವಣೆಯಲ್ಲಿ ಎದುರಾಳಿಗಳು, ವರ್ಷಗಟ್ಟಲೆ ಮಾತು ಬಿಟ್ಟವರು, ಮುಪ್ಪಿನಲ್ಲಿ ಮತ್ತೆ ಕಾಗದ ಬರೆದುಕೊಂಡವರು. ಘೋಷಣೆಗೆ 50 ವರ್ಷ ತುಂಬಿದ್ದು 1826ರ ಜುಲೈ 4. ಅವತ್ತು ಮಧ್ಯಾಹ್ನ ವರ್ಜೀನಿಯಾದಲ್ಲಿ ಜೆಫರ್‌ಸನ್ ತೀರಿಕೊಂಡರು, 83 ವರ್ಷ. ಸಂಜೆ ಮ್ಯಾಸಚೂಸೆಟ್ಸ್‌ನಲ್ಲಿ ಆಡಮ್ಸ್, 90 ವರ್ಷ. ಸಾಯುವ ಮುಂಚೆ ಆಡಮ್ಸ್ ‘ಜೆಫರ್‌ಸನ್ ಇನ್ನೂ ಇದ್ದಾರೆ’ ಅಂದರು ಅಂತ ಮನೆಯವರು ಹೇಳಿದರು. ಅಷ್ಟೊತ್ತಿಗೆ ಆ ಮನುಷ್ಯ ಹೋಗಿ ಕೆಲವು ಗಂಟೆ ಆಗಿತ್ತು. ಸುದ್ದಿ ಹೋಗಬೇಕಾದರೆ ಕುದುರೆಯೇ ಹೋಗಬೇಕಾದ ಕಾಲ. ಐದು ವರ್ಷ ಬಿಟ್ಟು ಇನ್ನೊಬ್ಬ ಅಧ್ಯಕ್ಷ ಮನ್ರೋ ಕೂಡ ಜುಲೈ 4ಕ್ಕೇ ಹೋದರು.

ಇದರಲ್ಲಿ ಸ್ವಲ್ಪ ಹಟವೂ ಇದ್ದಿರಬೇಕು ಅನ್ನಿಸುತ್ತದೆ. ಜೆಫರ್‌ಸನ್ ಮೂರನೇ ತಾರೀಕಿನ ರಾತ್ರಿ ಎಚ್ಚರವಾದಾಗೆಲ್ಲ ‘ನಾಲ್ಕಾಯಿತಾ?’ ಅಂತ ವೈದ್ಯರನ್ನು ಕೇಳುತ್ತಿದ್ದರು. ಉತ್ತರಾಯಣಕ್ಕೆ ಕಾದ ಭೀಷ್ಮನ ಕತೆ ಕೇಳಿದ ನಮಗೆ ಇದು ಹೊಸದಲ್ಲ ಬಿಡಿ.

ಉತ್ತರಾಯಣ ಅಂದಾಗ ನೆನಪಾಯಿತು. ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12. ಅವತ್ತು ಮಕರ ಸಂಕ್ರಾಂತಿ! ಈಗ ಎಳ್ಳು ಬೀರುವುದು 14ಕ್ಕೆ ಅಥವಾ 15ಕ್ಕೆ. ನಮ್ಮ ಸಂಕ್ರಾಂತಿಯ ಲೆಕ್ಕ ನಕ್ಷತ್ರಗಳದ್ದು, ಇಂಗ್ಲಿಷ್ ತಾರೀಕಿನ ಲೆಕ್ಕ ಋತುಗಳದ್ದು. ಸುಮಾರು 70 ವರ್ಷಕ್ಕೆ ಒಂದು ದಿನ ಅದು ಮುಂದೆ ಸರಿಯುತ್ತದೆ. ನಿಮ್ಮ ಮೊಮ್ಮಕ್ಕಳ ಮಕ್ಕಳು 16ಕ್ಕೆ ಎಳ್ಳು ಬೀರಬಹುದು.

ಪ್ರಶ್ನೆ: ಅಮ್ಮ ನನ್ನ ಹುಟ್ಟುಹಬ್ಬವನ್ನು ತಿಥಿ ನೋಡಿ ಮಾಡುತ್ತಾರೆ. ನನ್ನ ಗೆಳೆಯರು ತಾರೀಕಿಗೆ. ಎರಡೂ ಒಂದೇ ದಿನ ಬರುವುದು ಯಾವಾಗ? — ಇಂಜಿನಿಯರಿಂಗ್ ವಿದ್ಯಾರ್ಥಿನಿ, ಉಡುಪಿ

ನಿಮಗೆ 19 ತುಂಬಿದಾಗ. ಆಮೇಲೆ 38, 57, 76. ಸೂರ್ಯನ 19 ವರ್ಷವೂ ಚಂದ್ರನ 235 ತಿಂಗಳೂ ಹೆಚ್ಚುಕಮ್ಮಿ ಸರಿಸಮ. ವ್ಯತ್ಯಾಸ ಎರಡು ಗಂಟೆಯಷ್ಟು. ಅಧಿಕ ಮಾಸ ಹಾಕಿ ನಮ್ಮ ಪಂಚಾಂಗದವರು ಹೊಂದಿಸುವುದೂ ಇದನ್ನೇ. ಒಂದು ದಿನ ಆಚೀಚೆ ಆದರೆ ನನ್ನನ್ನು ಬೈಯಬೇಡಿ, ಅಧಿಕ ವರ್ಷವನ್ನು ಬೈಯಿರಿ. ಆ ಒಂದು ವರ್ಷ ಅಮ್ಮನ ಪಾಯಸವೂ ಗೆಳೆಯರ ಕೇಕೂ ಒಂದೇ ದಿನ. ಹೊಟ್ಟೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ 23 ಜನ ಇದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರುವ ಸಂಭವ ಅರ್ಧಕ್ಕಿಂತ ಜಾಸ್ತಿ ಅಂತ ಮಗಳು ಹೇಳುತ್ತಾಳೆ. ವರ್ಷಕ್ಕೆ 365 ದಿನ ಇರುವಾಗ ಇದು ಹೇಗೆ? — ಗುಮಾಸ್ತರು, ಚಿತ್ರದುರ್ಗ

ಮಗಳು ಸರಿ. ಎರಡು ಕ್ರಿಕೆಟ್ ತಂಡ, ಒಬ್ಬ ಅಂಪೈರ್: 23 ಜನ. ನಿಮ್ಮ ಜೊತೆ ಯಾರದು ಹೊಂದುತ್ತದೆ ಅಂತ ನೋಡಿದರೆ ಸಿಗುವ ಜೋಡಿಗಳು 22 ಮಾತ್ರ. ಯಾರ ಜೊತೆ ಯಾರದಾದರೂ ಸರಿ ಅಂದರೆ ಜೋಡಿಗಳು 253. ಅಷ್ಟು ಜೋಡಿಯಲ್ಲಿ ಒಂದು ತಾಳೆಯಾಗುವ ಸಂಭವ ಅರ್ಧ ದಾಟುತ್ತದೆ. 57 ಜನ ಸೇರಿದರೆ ನೂರಕ್ಕೆ 99.

ಆದರೆ ಈ ಲೆಕ್ಕ ಮಾಡಿದವರು ನಮ್ಮ ಸರ್ಕಾರಿ ಕಚೇರಿ ನೋಡಿಲ್ಲ. ನಿಮ್ಮಲ್ಲಿ ಐವತ್ತು ದಾಟಿದವರ ಸರ್ವಿಸ್ ರಿಜಿಸ್ಟರ್ ತೆಗೆದು ನೋಡಿ. ನಾಲ್ಕೈದು ಜನವಾದರೂ ಜೂನ್ 1ಕ್ಕೆ ಹುಟ್ಟಿದವರು ಸಿಗುತ್ತಾರೆ. ಅಪ್ಪ ಮಗುವನ್ನು ಸ್ಕೂಲಿಗೆ ಕರೆತಂದಾಗ ಹುಟ್ಟಿದ ದಿನ ಗೊತ್ತಿರುತ್ತಿರಲಿಲ್ಲ. ಮೇಷ್ಟ್ರು ಮಗುವಿನ ಕೈಯನ್ನು ತಲೆಯ ಮೇಲಿಂದ ತಂದು ಆಚೆ ಕಿವಿ ಮುಟ್ಟಿಸಿ, ಮುಟ್ಟಿದರೆ ವಯಸ್ಸಾಗಿದೆ ಅಂತ ಜೂನ್ 1 ಬರೆದುಬಿಡುತ್ತಿದ್ದರು. ಸ್ಕೂಲು ಶುರುವಾಗುವ ಕಾಲ, ವಯಸ್ಸಿನ ಲೆಕ್ಕಕ್ಕೆ ಸಲೀಸು. ಮೊದಲ ತಾರೀಕಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತಿ ಆಗಬೇಕು ಅನ್ನುವುದು ನಿಯಮ. ಹಾಗಾಗಿ ಮೇ 31ಕ್ಕೆ ಎಷ್ಟೊಂದು ಕಚೇರಿಗಳಲ್ಲಿ ಹಾರ, ಶಾಲು, ಮೈಸೂರು ಪಾಕ್.

ನಾನೂ ಆ ಪಂಗಡದವಳೇ. ‘ನಾನು ಹುಟ್ಟಿದ್ದು ಯಾವಾಗಮ್ಮ’ ಅಂದರೆ ಅಮ್ಮ ಹೇಳುತ್ತಿದ್ದದ್ದು ಇಷ್ಟೇ: ‘ಗೌರಿ ಹಬ್ಬಕ್ಕೆ ಇನ್ನೂ ನಾಕು ದಿನ ಇತ್ತು, ಹಿತ್ತಲ ಗೋಡೆ ಬಿದ್ದಿತ್ತು.’ ಖಾತೆ ಪುಸ್ತಕದ ಜೂನ್ 1ರ ಪುಟದಲ್ಲಿ ಮರ್ಲಿನ್ ಮನ್ರೋ ಇದ್ದಾಳೆ, 1926. ನರ್ಗಿಸ್ ಇದ್ದಾಳೆ, 1929. ಅವರ ಕೆಳಗೆ ಪೆನ್ಸಿಲ್‌ನಲ್ಲಿ ನನ್ನ ಹೆಸರು, ಪಕ್ಕದಲ್ಲಿ ‘ಮೇಷ್ಟ್ರು ಬರೆದದ್ದು’.